ಕಾಶಿಯಲ್ಲಿ ಬಿಟ್ಟು ಬಂದ ಮೊಸರು

ಸರ್ ಬರ್, ಸರ್ ಬರ್. ನನ್ನ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಎದುರು ಫ್ಲ್ಯಾಟಿನಿಂದ ಆ ಸದ್ದು ಶುರುವಾಗುತ್ತಿತ್ತು. ಲಿಫ್ಟಿನೊಳಗಿನ ಹೆಣ್ಣುದನಿ ಇಂಗ್ಲಿಷಿನಲ್ಲಿ ಮಹಡಿಗಳ ಹೆಸರು ಹೇಳುತ್ತಾ ಮೇಲೆ ಕೆಳಗೆ ಓಡಾಡುತ್ತಿತ್ತು. ಗೇಟಿನ ಹತ್ತಿರ ಸ್ಕೂಲ್ ಬಸ್ಸುಗಳ ಹಾರ್ನ್, ದೂರದಲ್ಲಿ ಮೆಟ್ರೋ ನಿಟ್ಟುಸಿರಿನ ಹಾಗೆ ಸರಿದುಹೋಗುವುದು. ಇವೆಲ್ಲದರ ನಡುವೆ ಬ್ರೂಕ್‌ಫೀಲ್ಡಿನ ಏಳನೇ ಮಹಡಿಯಲ್ಲಿ ಒಬ್ಬರು ಕಡಗೋಲಿನಲ್ಲಿ ಮಜ್ಜಿಗೆ ಕಡೆಯುತ್ತಿದ್ದರು. ಇಮ್ಯಾಜಿನ್! ಅಡುಗೆಮನೆಯ ಕಿಟಕಿ ಸರಳಿಗೆ ಹಗ್ಗ ಕಟ್ಟಿ, ಇಟಾಲಿಯನ್ ಟೈಲ್ಸಿನ ಮೇಲೆ ಕಾಲು ಚಾಚಿ ಕೂತು, ಒಮ್ಮೆ ಎಡಗೈ ಒಮ್ಮೆ ಬಲಗೈ ಎಳೆಯುತ್ತಾ ಅರೆಗಣ್ಣು ಮುಚ್ಚಿಕೊಂಡಿರುತ್ತಿದ್ದರು. ಆ ಸದ್ದಿನಲ್ಲಿ ನನಗೆ ಎಷ್ಟೋ ಸಲ ಮತ್ತೆ ನಿದ್ದೆ ಹತ್ತಿ ಕಾಫಿ ಆರಿಹೋದದ್ದುಂಟು.

ನಾನು ಅವರನ್ನು ಎದುರುಮನೆ ಅಕ್ಕ ಎನ್ನುತ್ತಿದ್ದೆ. ಧಾರವಾಡದ ಕಡೆಯವರು. ಪೋಸ್ಟ್ ಆಫೀಸಿನಲ್ಲಿದ್ದ ಯಜಮಾನರು ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಮಗಳು ದಿನಾ ಇಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವವಳು. ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಆ ಕಡೆ ಅವರೊಬ್ಬರು, ಈ ಕಡೆ ನಾನೊಬ್ಬಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ ಇಟ್ಟ ಬೆಳ್ಳಿಯ ಕರಡಿಗೆ, ಮೆತ್ತಗಾದ ಇಳಕಲ್ ಸೀರೆ. ಬಾಗಿಲು ತೆಗೆದರೆ ಮೊದಲು ಮೊಸರಿನ ಬಟ್ಟಲು ಕಾಣಿಸುತ್ತಿತ್ತು, ಆಮೇಲೆ ಅವರು.

"ತಗೋರಿ ಬಾಯಾರ. ಪ್ಯಾಕೆಟ್ ಮೊಸರು ತಿಂದು ತಿಂದು ನಿಮ್ಮ ಮಾರಿನೂ ಪ್ಯಾಕೆಟ್ ಆಗೇದ ನೋಡ್ರಿ."

ಅವರ ಊರಲ್ಲಿ ಟೀಚರಮ್ಮನನ್ನು ಬಾಯಾರ ಎನ್ನುತ್ತಾರಂತೆ. ನಾನು ಟೀಚರಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಾಹೇಬರುಗಳ ಡಿಕ್ಟೇಶನ್ ಬರೆದುಕೊಂಡು ರಿಟೈರ್ ಆದವಳು ನಾನು. "ನಿಮ್ಮ ಕನ್ನಡದಾಗ ಅರ್ಧ ಇಂಗ್ಲೀಷ ಐತಿ, ಉಳದದ್ದೆಲ್ಲಾ ನಗು ಐತಿ" ಎಂದು ಛೇಡಿಸುತ್ತಿದ್ದರು. ಪರಿಚಯ ಹಳೆಯದಾದ ಮೇಲೆ, ಯಾವಾಗ ಎಂದು ನನಗೇ ತಿಳಿಯದ ಹಾಗೆ, ಬಾಯಾರ ಹೋಗಿ ತಂಗೆವ್ವ ಆಗಿದ್ದೆ.

ಮಧ್ಯಾಹ್ನಗಳು ನಿಧಾನವಾಗಿ ಕಳೆಯುತ್ತಿದ್ದವು. ಅವರ ಬಾಲ್ಕನಿಯಲ್ಲಿ ಕೂತರೆ ರಸ್ತೆಯಾಚೆಗೆ ಪೂರ್ತಿ ಗಾಜಿನದೊಂದು ಆಫೀಸು ಕಟ್ಟಡ. ಸಂಜೆ ನಿಜವಾದ ಸೂರ್ಯ ನಮ್ಮ ಬೆನ್ನ ಹಿಂದೆ ಇಳಿಯುತ್ತಿದ್ದರೆ, ಆ ಗಾಜಿನಲ್ಲಿ ಇನ್ನೊಬ್ಬ ಸೂರ್ಯ ಇಳಿಯುತ್ತಿದ್ದ. ಆಗ ಅವರು ಮಿಂದು ಬಂದು ಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾ ಕೂರುವರು. ಬಾಯಲ್ಲಿ ಒಂದು ಮಾತೂ ಇಲ್ಲ, ಬರೀ ನೋಟ. ಪಕ್ಕದಲ್ಲಿ ನನ್ನ ಕೈಯಲ್ಲಿ ರೋಸರಿ ಇಲ್ಲ, ಏನೂ ಇಲ್ಲ. ಆದರೂ ಚಾಪೆಲ್ಲಿನಲ್ಲಿ ಮಂಡಿಯೂರಿದ್ದ ಹುಡುಗಿಯ ಹಾಗೆ ನಾನೂ ಗಪ್‌ಚುಪ್.

ಅವರು ಕುಡಿಯುತ್ತಿದ್ದದ್ದು ಬೆಲ್ಲ ಹಾಕಿದ ಕಪ್ಪು ಚಹಾ. ಒಂದು ದಿನ ನನ್ನ ಮನೆಗೆ ಬಂದಾಗ ಸ್ಟ್ರಾಂಗ್ ಕಾಫಿಗೆ ಗಟ್ಟಿ ಹಾಲು ಬೆರೆಸಿ ಕೊಟ್ಟೆ. ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣುಮುಚ್ಚಿ ವಾಸನೆ ಎಳೆದುಕೊಂಡು, ಹಾಗೇ ಕೆಳಗಿಟ್ಟುಬಿಟ್ಟರು.

"ಯಾಕೆ ಅಕ್ಕಾ, ಸರಿಯಾಗಿಲ್ವಾ?"

"ಹೇಳ್ತೀನಿ, ಆದ್ರ ನಿಮ್ಮ ಹೊಟ್ಟ್ಯಾಗ ಇಟ್ಕೋಬೇಕು. ನನ್ನ ಲಿಂಗದ ಆಣಿ ಐತಿ ನೋಡ್ರಿ."

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರುವ ಪದ್ಧತಿ ಇದೆಯಲ್ಲ. ನಮ್ಮತ್ತೆ ಅಲ್ಲಿ ಪಡವಲಕಾಯಿ ಬಿಟ್ಟು ಬಂದಿದ್ದರು. ಅದನ್ನು ಅವರು ಅದಕ್ಕೆ ಮೊದಲೂ ಮುಟ್ಟಿದವರಲ್ಲ. ಬಹಳ ಜನ ಹಾಗೆಯೇ. ಎದುರುಮನೆ ಅಕ್ಕ ಹಾಗಲ್ಲ. ಇಬ್ಬರೂ ಕಾಶಿಗೆ ಹೋದಾಗ ಯಜಮಾನರು ಎಲೆಅಡಿಕೆ ಬಿಟ್ಟರಂತೆ. ಬಿಟ್ಟು, ಹೆಂಡತಿಯ ಕಡೆ ತಿರುಗಿ, "ನೀ ಏನ್ ಬಿಡ್ತಿ? ಮೊಸರು ಬಿಡಾಕ ನಿನ್ನ ಕೈಲಿಂದ ಆಗತೈತೇನ?" ಎಂದು ನಕ್ಕರಂತೆ. ಇವರು ಅಲ್ಲೇ ನೀರಿಗೆ ಕೈಯಿಟ್ಟು ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲ ಬಿಟ್ಟರು. ಊರಿಗೆ ಬಂದ ಸ್ವಲ್ಪ ಕಾಲಕ್ಕೇ ಯಜಮಾನರು ಹೋದರು. ಗಂಡ ಹೆಂಡಿರ ಕೊನೆಯ ಪಂದ್ಯ ಅದು. ಸೋಲುವುದು ಹೇಗೆ?

"ಬಿಟ್ಟದ್ದನ್ನ ಸಾರಬಾರದು ತಂಗೆವ್ವ. ಸಾರಿದ್ರ ಅದು ದೊಡ್ಡಸ್ತನ ಆಗತೈತಿ. ಮಗಳಿಗೂ ಹೇಳಿಲ್ಲ ನಾ."

ಹೇಳದಿದ್ದರೆ ತಿಳಿಯುವುದೂ ಇಲ್ಲ, ಆ ಮನೆಯ ಸಂಸಾರ ಹಾಗಿತ್ತು. ಮಗಳು ಅಳಿಯ ಡಬ್ಬಿ ಕಟ್ಟಿಕೊಂಡು ಹೋದ ಮೇಲೆ ಇವರು ಒಬ್ಬರೇ ಉಣ್ಣುವುದು, ರಾತ್ರಿಯೂ ಅವರಿಗೆಲ್ಲ ಬಡಿಸಿ ಕೊನೆಗೆ. ರೊಟ್ಟಿಗೆ ಪಲ್ಯ, ಶೇಂಗಾ ಚಟ್ನಿಗೆ ಎಣ್ಣೆ. ಎಲ್ಲರಿಗೂ ಮೊಸರು ಹೆಪ್ಪು ಹಾಕುವ ಕೈ ತಾನೇ ತಿನ್ನುತ್ತಿಲ್ಲ ಎಂದು ಯಾರಿಗೆ ಹೊಳೆಯುತ್ತದೆ?

ವರ್ಷಗಳು ಹೋದವು. ಮೊದಲು ಬಾಯಿ ಉರಿ ಎಂದರು. ಖಾರ ತಿನ್ನುವ ಹೆಂಗಸು ಮೆಣಸಿನಕಾಯಿ ಕಂಡರೆ ಹಿಂದೆ ಸರಿಯತೊಡಗಿದರು. ಆಮೇಲೆ ಅಂಗಾಲಲ್ಲಿ ಇರುವೆ ಹರಿದ ಹಾಗೆ ಎಂದರು. "ಹತ್ತಿ ಮ್ಯಾಲ ನಡದಂಗ ಆಗತೈತಿ" ಎನ್ನುತ್ತಾ ಕಾರಿಡಾರಿನಲ್ಲಿ ಗೋಡೆ ಹಿಡಿದು ಬರುವರು. ವಯಸ್ಸು ಎಂದುಕೊಂಡೆವು. ಓಲ್ಡ್ ಏಜ್ ಅನ್ನುವುದು ಒಂದು ಅನುಕೂಲದ ಪೆಟ್ಟಿಗೆ, ಏನನ್ನು ಬೇಕಾದರೂ ಅದರೊಳಗೆ ಹಾಕಿ ಮುಚ್ಚಿಡಬಹುದು.

ಒಂದು ಸಂಜೆ ಲಿಂಗಪೂಜೆಯ ನಡುವೆ ತಲೆಯೆತ್ತಿ, "ಅಲ್ಲೇ ಐತಲ್ಲ, ಬಾಗಲದ ಹಿಂದ" ಎಂದರು. ಅಲ್ಲಿ ಯಾರೂ ಇರಲಿಲ್ಲ.

"ಯಾರಿಗೆ ಹೇಳಿದ್ರಿ ಅಕ್ಕಾ?"

"ನಮ್ಮನಿಯವರಿಗ್ರಿ. ಛತ್ರಿ ಎಲ್ಲಿಟ್ಟಿ ಅಂತ ಕೇಳಾಕತ್ತಾರ."

ಹೇಳಿದ ರೀತಿ ಎಷ್ಟು ಸಹಜವಾಗಿತ್ತೆಂದರೆ ನಾನೂ ಬಾಗಿಲ ಹಿಂದೆ ನೋಡಿದೆ. ಛತ್ರಿ ಅಲ್ಲೇ ಇತ್ತು.

ನನಗೆ ಭಯವಾಗಲಿಲ್ಲ. ಟು ಬಿ ಫ್ರ್ಯಾಂಕ್, ಹೊಟ್ಟೆಕಿಚ್ಚಾಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಹೇಳುತ್ತಿದ್ದ ಕಥೆಗಳಲ್ಲಿ ದನಿ ಕೇಳದ ಸಂತರೇ ಇರಲಿಲ್ಲ. ಒಲಿದವರಿಗೆ ಕೇಳಿಸುತ್ತದೆ, ನಮ್ಮಂಥವರಿಗೆ ಇಲ್ಲ ಎಂದುಕೊಂಡೆ. ಕ್ಲಬ್‌ಹೌಸಿನ ಸತ್ಸಂಗದ ಹೆಂಗಸರಂತೂ ಅಕ್ಕನಿಗೆ ದರ್ಶನವಾಗುತ್ತಿದೆ ಎಂದು ಹಣ್ಣು ಹಿಡಿದುಕೊಂಡು ಬಂದು ಕಾಲಿಗೆ ಬೀಳತೊಡಗಿದರು. ಅವರಲ್ಲೊಬ್ಬಾಕೆ, "ಅಮ್ಮಾ, ನಮ್ಮುಡುಗಂಗೆ ಯಾವಾಗ ಮದ್ವೆ ಆಗತ್ತೆ, ಸ್ವಲ್ಪ ಕೇಳಿ ಹೇಳ್ತೀರಾ?" ಎಂದಳು.

"ನಮ್ಮನಿಯವರು ಅಂಚೆ ಇಲಾಖ್ಯಾಗ ಇದ್ರವ್ವಾ. ಜ್ಯೋತಿಷ್ಯದ್ದು ಅವರಿಗೇನ್ ಗೊತ್ತು!"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ನಿಜವಾಗಿಯೇ ಯಜಮಾನರಿಗೆ ಗೊತ್ತಿಲ್ಲದ ವಿಷಯವಲ್ಲವೇ ಅದು?

ಆದರೆ ಛತ್ರಿ, ಕನ್ನಡಕ, ಚಪ್ಪಲಿ ಕೇಳುತ್ತಿದ್ದ ಆ ದನಿಯ ಜೊತೆಗೆ ಬೇರೆ ದನಿಗಳೂ ಸೇರಿಕೊಂಡವು. ಅವು ಒಳ್ಳೆಯದು ಹೇಳುತ್ತಿರಲಿಲ್ಲ. ಅಕ್ಕ ಮಗಳು ಕೊಟ್ಟ ನೀರನ್ನು ಸಿಂಕಿಗೆ ಸುರಿಯತೊಡಗಿದರು. "ಆಕಿ ನೀರಿನಾಗ ಏನೋ ಕಲಸ್ತಾಳ್ರಿ" ಎಂದು ನನ್ನ ಕಿವಿಯಲ್ಲಿ ಹೇಳುವರು. ಮಗಳು ನನ್ನ ಅಡುಗೆಮನೆಯಲ್ಲಿ ನಿಂತು, ಕೊರಳಿನ ಐಡಿ ಕಾರ್ಡನ್ನೂ ತೆಗೆಯದೆ, ಬಿಕ್ಕಿ ಬಿಕ್ಕಿ ಅತ್ತಳು.

"ಆಂಟಿ, ಎಲ್ಲಾ ಟೆಸ್ಟ್ ಮಾಡ್ಸಿದ್ವಿ. ಶುಗರ್ ಸರಿ ಇದೆ, ಯೂರಿನ್ ಸರಿ ಇದೆ, ತಲೆ ಸ್ಕ್ಯಾನೂ ಸರಿ ಇದೆ. ದುಃಖ ತಲೆಗೆ ಹತ್ತಿದೆ ಅಂತಾರೆ. ಅಡ್ಮಿಟ್ ಮಾಡಿ ಅಂತಿದಾರೆ ನೆಂಟ್ರೆಲ್ಲ. ನನ್ನವ್ವನ್ನ ಬೀಗ ಹಾಕಿರೋ ವಾರ್ಡಲ್ಲಿ ಹೆಂಗ್ ಬಿಟ್ಟು ಬರ್ಲಿ?"

ಆಮೇಲೆ ಆ ಮಧ್ಯಾಹ್ನ ಬಂತು. ಹಪ್ಪಳ ಕೊಡಲು ಹೋದೆ. ಅವರ ಮನೆಯ ಇನ್ನೊಂದು ಬೀಗದ ಕೈ ನನ್ನಲ್ಲೇ ಇರುತ್ತಿತ್ತು. ಒಳಗೆ ಹೋದರೆ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಸ್ಟೂಲು, ಸ್ಟೂಲಿನ ಮೇಲೆ ಅಕ್ಕ. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಗಾಳಿಯಲ್ಲಿ. ಮುಖ ಎಷ್ಟು ಪ್ರಸನ್ನವಾಗಿತ್ತೆಂದರೆ, ದಿಬ್ಬಣಕ್ಕೆ ಹೊರಟ ಹಾಗೆ.

"ಅಲ್ಲೇ ನಿಂತಾರ ನೋಡ್ ತಂಗೆವ್ವ, ಗಾಜಿನಾಗ. ಬಾ ಬಾ ಅಂತ ಕೈ ಮಾಡಿ ಕರ್ಯಾಕತ್ತಾರ."

ಎದುರಿನ ಕಟ್ಟಡದ ಗಾಜು ಉರಿಯುತ್ತಿತ್ತು. ಒಂದು ಕ್ಷಣ, ದೇವರಾಣೆ, ನನಗೂ ಅಲ್ಲಿ ಬಿಳಿ ಅಂಗಿಯೊಂದು ಕಂಡಂತಾಯಿತು. ಸೆರಗು ಹಿಡಿದು ಎಳೆದರೆ ಬೀಳುತ್ತಾರೆ, ಕೂಗಿದರೆ ಬೆಚ್ಚುತ್ತಾರೆ. ಬಾಯಿಗೆ ಬಂದದ್ದನ್ನು ಹೇಳಿದೆ. "ಬಿಸ್ಲಲ್ಲಿ ಯಾಕೆ ನಿಲ್ಲಿಸಿದೀರಾ ಅಕ್ಕಾ? ಮನೆಗೆ ಬಂದವ್ರನ್ನ ಒಳಗೆ ಕರೀಬಾರ್ದಾ?"

ಅವರು ನನ್ನ ಕಡೆ ತಿರುಗಿ, ನಾಚಿಕೊಂಡು, "ಹೌದಲ್ಲ" ಎಂದರು. ನನ್ನ ಭುಜ ಹಿಡಿದು ಸ್ಟೂಲಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ಹೋಗಿ ಮುಂಬಾಗಿಲು ತೆರೆದರು. ಖಾಲಿ ಕಾರಿಡಾರಿನ ಕಡೆ ನೋಡುತ್ತಾ ಬಹಳ ಹೊತ್ತು ನಿಂತೇ ಇದ್ದರು. ನಾನು ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿ ಮಗಳಿಗೆ ಫೋನ್ ಮಾಡಿದೆ.

ಮಗಳು ಮರುದಿನವೇ ರಜೆ ಹಾಕಿ ಮನೋವೈದ್ಯೆಯ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ತಂಗೆವ್ವ ಬಂದರೆ ಮಾತ್ರ ಕಾರು ಹತ್ತುತ್ತೇನೆ ಎಂದರು ಅಕ್ಕ, ಹಾಗಾಗಿ ನಾನೂ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವಳು, ಕಾಟನ್ ಸೀರೆ, ಅವಸರವಿಲ್ಲದ ಕಣ್ಣು.

"ಮನಸ್ಸಿನ ಕಾಯಿಲೆ ಅಂತ ಹೆಸರಿಡೋಕೆ ಮುಂಚೆ ನಾನು ಮೈ ಪೂರ್ತಿ ನೋಡ್ತೀನಿ" ಎಂದಳು ಮಗಳಿಗೆ. "ಈ ವಯಸ್ಸಲ್ಲಿ ಹೊಸದಾಗಿ ದನಿ ಕೇಳ್ಸೋಕೆ ಶುರುವಾದ್ರೆ ಎಷ್ಟೋ ಸಲ ಕಾರಣ ಬೇರೆ ಎಲ್ಲೋ ಇರತ್ತೆ. ಥೈರಾಯ್ಡ್ ಏರುಪೇರಾಗಿರಬಹುದು, ರಕ್ತದಲ್ಲಿ ಉಪ್ಪು ಇಳಿದಿರಬಹುದು, ಎಲ್ಲೋ ಇನ್‌ಫೆಕ್ಷನ್ ಇರಬಹುದು, ಯಾವುದೋ ಮಾತ್ರೆ ಒಗ್ಗದೇ ಇರಬಹುದು. ಅಮ್ಮನ ಊಟ ಹೇಗೆ? ಸಸ್ಯಾಹಾರ ಅಲ್ವಾ? ಹಾಲು ಮೊಸರು ಚೆನ್ನಾಗಿ ತಗೋತಾರಾ?"

"ಅಯ್ಯೋ, ಮೊಸರಾ ಡಾಕ್ಟ್ರೇ! ನಮ್ಮ ಫ್ಲೋರಿಗೆಲ್ಲ ನಮ್ಮವ್ವಂದೇ ಮೊಸರು" ಎಂದಳು ಮಗಳು, ಅಷ್ಟು ದಿನಗಳಲ್ಲಿ ಮೊದಲ ಸಲ ನಗುತ್ತಾ.

ಅಕ್ಕ ನನ್ನ ಕಡೆ ನೋಡಿದರು. ದನಿಗಳ ಗದ್ದಲದ ನಡುವೆಯೂ ಅವರಿಗೆ ಆ ಆಣೆ ನೆನಪಿತ್ತು. ಅವರ ಕೈ ಮೆಲ್ಲಗೆ ಕೊರಳಿನ ಕರಡಿಗೆಯ ಮೇಲೆ ಹೋಯಿತು. ಹೇಳಬೇಡ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ನನಗೆ ಮಾತ್ರ ಆ ಪ್ಲಾಸ್ಟಿಕ್ ಸ್ಟೂಲು ಕಣ್ಣಮುಂದೆ ಇತ್ತು.

"ಇಲ್ಲ ಡಾಕ್ಟರ್," ಎಂದೆ. "ಎಲ್ಲರಿಗೂ ಮಾಡಿ ಕೊಡ್ತಾರೆ, ತಾವು ಒಂದು ತೊಟ್ಟೂ ಮುಟ್ಟಲ್ಲ. ಕಾಶೀಲಿ ಬಿಟ್ಟು ಬಂದಿದಾರೆ. ಹಾಲು, ತುಪ್ಪ ಎಲ್ಲಾ. ವರ್ಷಗಳಾಯ್ತು."

"ಬಾಯಾರ!" ಎಂದರು ಅಕ್ಕ. ಅಷ್ಟೇ. ತಂಗೆವ್ವ ಎನ್ನಲಿಲ್ಲ.

ಮಗಳು ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಅವ್ವಾ, ದಿನಾ ನನಗ ಬಡಿಸ್ತಿದ್ದೆಲ್ಲ. ನೀ ತಿಂತೀಯೋ ಇಲ್ಲೋ ಅಂತ ನಾ ಒಂದ್ ಸಲಾನೂ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

ಡಾಕ್ಟರು ಎದ್ದು ಬಂದು ಅಕ್ಕನ ನಾಲಿಗೆ ನೋಡಿದಳು. ಕೆಂಪಗೆ, ಮಿರಮಿರ ಮಿಂಚುತ್ತಾ, ಒರಟೇ ಇಲ್ಲದ ನಾಲಿಗೆ. ಆಮೇಲೆ ಟ್ಯೂನಿಂಗ್ ಫೋರ್ಕ್ ಎನ್ನುವ ಲೋಹದ ಕವಲುಕಡ್ಡಿಯೊಂದನ್ನು ತನ್ನ ಮಣಿಕಟ್ಟಿಗೆ ತಟ್ಟಿ, ಅಕ್ಕನ ಕಾಲಿನ ಹೆಬ್ಬೆರಳಿನ ಮೇಲೆ ಇಟ್ಟು, "ಗುಂಯ್ ಅನ್ನೋದು ಗೊತ್ತಾಗ್ತಿದ್ಯಾ ಅಮ್ಮಾ?" ಎಂದಳು.

"ಇಲ್ರಿ."

ಪಕ್ಕದಲ್ಲಿ ಕೂತಿದ್ದ ನನ್ನ ಕಿವಿಗೂ ಅದು ಸಣ್ಣಗೆ ಕೇಳಿಸುತ್ತಿತ್ತು. ಇಲ್ಲದ ದನಿಯನ್ನು ದಿನವೆಲ್ಲ ಕೇಳುತ್ತಿದ್ದವರ ಕಾಲಿಗೆ, ಮೈಗೆ ತಾಗಿಯೇ ಇದ್ದ ಈ ಮಿಡಿತ ತಲುಪುತ್ತಿರಲಿಲ್ಲ.

ಅಲ್ಲೇ ರಕ್ತ ತೆಗೆಸಿ ಸಂಜೆಯವರೆಗೆ ಕಾದೆವು, ರಿಪೋರ್ಟಿನಲ್ಲಿ ಬಿ-ಟ್ವೆಲ್ವ್ ಎನ್ನುವ ವಿಟಮಿನ್ ತಳಕ್ಕೆ ಹತ್ತಿತ್ತು. ಮಾಂಸ ಮೊಟ್ಟೆ ತಿನ್ನದವರಿಗೆ ಅದು ಸಿಗುವುದು ಬಹುತೇಕ ಹಾಲು ಮೊಸರಿನಿಂದಲೇ. ನಿಲ್ಲಿಸಿದ ಮೇಲೂ ಮೈಯೊಳಗಿನ ಹಳೆಯ ದಾಸ್ತಾನು ಕೆಲವು ವರ್ಷ ನಡೆಸುತ್ತದೆ, ಅದು ಮುಗಿದಾಗ ನರಗಳು ಒಣಗುತ್ತವೆ, ಕೆಲವರಿಗೆ ತಲೆಯೂ ತಪ್ಪುತ್ತದೆ. ಡಾಕ್ಟರು ಹೀಗೆ ಹೇಳಿದಾಗ ಮಗಳು, "ಅವ್ವಾ, ಇವತ್ತೇ ಒಂದ್ ಲೋಟ ಹಾಲು ಕುಡೀಬೇಕು" ಎಂದಳು. ಅಕ್ಕ ತುಟಿ ಬಿಗಿಹಿಡಿದು ಗೋಡೆ ನೋಡಿದರು.

"ಬೇಡ ಬಿಡಿ," ಎಂದಳು ಡಾಕ್ಟರು. "ಅಮ್ಮಾ, ಕಾಶೀದು ನೀವಿಟ್ಕೊಳ್ಳಿ. ಇಂಜೆಕ್ಷನ್ ನಂಗೆ ಬಿಡಿ. ಅದು ಹಸುವಿಂದ ಬರೋದಲ್ಲ. ಮೊದ್ಲು ದಿನಾ, ಆಮೇಲೆ ತಿಂಗಳಿಗೊಂದು. ಒಪ್ಪಿಗೇನಾ?"

ಅಕ್ಕ ಸೆರಗು ಸರಿಸಿ ತೋಳು ಮುಂದೆ ಮಾಡಿದರು. ನನ್ನನ್ನು ಮಾತ್ರ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ಎರಡು ಬಾಗಿಲುಗಳ ನಡುವಿನ ಕಾರಿಡಾರ್ ಉದ್ದವಾಯಿತು. ಬಾಗಿಲು ತೆರೆದಾಗ ನಾನು ಕಂಡರೆ ತಲೆಬಾಗಿಸಿ, "ಆರಾಮ್ರಿ ಬಾಯಾರ?" ಎಂದು ಒಳಗೆ ಹೋಗುತ್ತಿದ್ದರು. ಬಟ್ಟಲು ಬರುವುದು ನಿಂತಿತು. ಮಗಳು ಹೇಳುತ್ತಿದ್ದಳು: ದನಿಗಳು ಕಮ್ಮಿಯಾಗಿವೆ ಆಂಟಿ, ನಿದ್ದೆ ಬರ್ತಿದೆ ಆಂಟಿ. ಒಂದು ದಿನ ಆಕೆ ಕಣ್ಣು ತುಂಬಿಕೊಂಡು ಬಂದಳು. ಬೆಳಿಗ್ಗೆ ಆಫೀಸಿಗೆ ಹೊರಟಾಗ ತಾಯಿ ಕರೆದು, "ಒಂದು ವಾಟೆ ನೀರು ಕೊಡವ್ವಾ" ಎಂದು ಕೇಳಿ, ಅವಳೆದುರಿಗೇ ತಳದವರೆಗೂ ಕುಡಿದು, ಖಾಲಿ ವಾಟೆಯನ್ನು ಅವಳಿಗೆ ತೋರಿಸಿದರಂತೆ.

ಇನ್ನೂ ಸ್ವಲ್ಪ ಕಾಲವಾದ ಮೇಲೆ, ಮಳೆ ಬಂದು ನಿಂತಿದ್ದ ಒಂದು ಸಂಜೆ, ಅಕ್ಕ ನನ್ನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ.

"ಮಳಿ ಬಂತು. ಇವತ್ತ ಯಾರೂ ಛತ್ರಿ ಕೇಳಲಿಲ್ರಿ."

ಒಳಗೆ ಕರೆದೆ. ಸೋಫಾದ ತುದಿಯಲ್ಲಿ ಕೂತರು. ಹೊರಗೆ ಗಾಜಿನ ಕಟ್ಟಡ ತೊಯ್ದು ಬರೀ ಬೂದು ಬಣ್ಣವಾಗಿತ್ತು.

"ನೀವು ಹೇಳಬಾರದಿತ್ತು."

"ಹೌದು ಅಕ್ಕಾ."

"ಹೇಳದಿದ್ರ ನಾ ಗಾಜಿನಾಗ ಹೋಗ್ತಿದ್ದೆ."

"ಹೌದು."

"ಎರಡೂ ಖರೇನ ಅದಾವ. ಏನ್ ಮಾಡೂದು?" ಎಂದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ಅಂದ್ರ ಅವರು ಬಂದಿರಲೇ ಇಲ್ಲ. ನನ್ನ ರಕ್ತದಾಗ ಏನೋ ಕಮ್ಮಿ ಬಿದ್ದಿತ್ತು, ಅದು ಅವರ ದನೀಲೆ ಮಾತಾಡ್ತು. ಹಂಗೇನು?"

"ದನಿ ಎಲ್ಲಿಂದ ಬಂತೋ ನಂಗೊತ್ತಿಲ್ಲ ಅಕ್ಕಾ. ಆದ್ರೆ ಛತ್ರಿ ಹುಡುಕೋ ಗಂಡಸನ್ನ ಅಷ್ಟು ಚೆನ್ನಾಗಿ ನೆನಪಿಟ್ಕೊಂಡಿದ್ದು ನೀವೇ ಅಲ್ವಾ?" ಎಂದೆ.

ಅವರು ಸೆರಗಿನಿಂದ ಮೂಗೊರೆಸಿಕೊಂಡರು. "ಕರೀ ಚಹಾ ಮಾಡು ತಂಗೆವ್ವ. ಬೆಲ್ಲ ಜಾಸ್ತಿ ಹಾಕು."

ಕಾಲಿನ ಜೋಮು ಪೂರ್ತಿ ಹೋಗಲಿಲ್ಲ. ನರ ಒಣಗಿ ಬಹಳ ದಿನವಾಗಿತ್ತು ಎಂದಳಂತೆ ಡಾಕ್ಟರು. ಹೆಜ್ಜೆ ನೋಡಿಕೊಂಡು ನಡೆಯುವುದನ್ನು ಕಲಿತರು. ದರ್ಶನ ನಿಂತ ಮೇಲೆ ಸತ್ಸಂಗದ ಹೆಂಗಸರೂ ನಿಂತರು. ಅದಕ್ಕೆ ಅವರು, "ನಾ ಶಾಣ್ಯಾಕಿ ಆಗಿದ್ದು ಅವರಿಗೆ ಲುಕ್ಸಾನ ಆತು ನೋಡು" ಎಂದು ನಗುತ್ತಿದ್ದರು.

ನಮ್ಮ ಕಾಂಪ್ಲೆಕ್ಸಿನಲ್ಲಿ ವಯಸ್ಸಾದ ಯಾರಿಗಾದರೂ ತಲೆ ಕೆಟ್ಟಿತು ಎಂದು ಲಿಫ್ಟಿನಲ್ಲಿ ಪಿಸುಗುಟ್ಟಿದರೆ ನಾನು ಈಗ ಸುಮ್ಮನಿರುವುದಿಲ್ಲ. ಮೊದಲು ಮೈ ತೋರಿಸಿ, ಏನು ತಿನ್ನುತ್ತಾರೆ ಎಂದು ಅವರನ್ನೇ ಕೇಳಿ, ಅವರ ಪರವಾಗಿ ನೀವು ಉತ್ತರ ಹೇಳಬೇಡಿ ಎನ್ನುತ್ತೇನೆ. ಜನ ಮುಖ ತಿರುಗಿಸುತ್ತಾರೆ. ಲೆಟ್ ದೆಮ್. ಇಷ್ಟು ಹೇಳುವ ಧೈರ್ಯ ಅಕ್ಕನಿಂದ ಬಂದದ್ದು. ಆಣೆ ಮುರಿದವಳ ಮನೆಗೆ ಬರಿಗೈಯಲ್ಲಿ ಬಂದು ಸೋಫಾದ ತುದಿಯಲ್ಲಿ ಕೂತರಲ್ಲ, ಅದಕ್ಕಿಂತ ದೊಡ್ಡ ಮನಸ್ಸನ್ನು ನಾನು ಯಾವ ಚಾಪೆಲ್ಲಿನಲ್ಲೂ ಕಂಡಿಲ್ಲ.

ಅವರು ತೀರಿಕೊಂಡದ್ದು ಧಾರವಾಡದಲ್ಲಿ, ಅವರ ಒಡಹುಟ್ಟಿದ ಅಕ್ಕನ ಮನೆಯಲ್ಲಿ. ಸಂಜೆಯ ಪೂಜೆ ಮುಗಿಸಿ ಗೋಡೆಗೆ ಒರಗಿ ಕೂತವರು ಏಳಲಿಲ್ಲ, ಹೃದಯ ಎಂದರು. ಮಗಳು ಫೋನಿನಲ್ಲಿ ಹೇಳಿದಾಗ ನಾನು ಕೇಳಿದ್ದು ಒಂದೇ, "ಮುಖ ಹೇಗಿತ್ತಮ್ಮಾ?" "ಶಾಂತವಾಗಿತ್ತು ಆಂಟಿ" ಎಂದಳು.

ಧಾರವಾಡಕ್ಕೆ ಹೊರಟ ಬೆಳಿಗ್ಗೆ ಅವರನ್ನು ನಾನು ಕಡೆಯ ಸಲ ನೋಡಿದ್ದು. ಮಂಜು ಬಿದ್ದಿತ್ತು. ಮಗಳು ಬ್ಯಾಗುಗಳನ್ನು ಡಿಕ್ಕಿಗೆ ಹಾಕುತ್ತಿದ್ದಳು. ಅಕ್ಕ ನನ್ನ ತೋಳು ಹಿಡಿದು, ಕಣ್ಣನ್ನು ಪಾದಗಳ ಮೇಲೇ ಇಟ್ಟು, ಗೇಟಿನವರೆಗೆ ನಡೆದು ಬಂದರು. ಕಾರಿನೊಳಗೆ ಕೂತು, ಕಿಟಕಿ ಇಳಿಸಿ, ನನ್ನನ್ನು ಬಗ್ಗಲು ಹೇಳಿದರು.

"ಮೊನ್ನೆ ಕನಸಿನಾಗ ನಮ್ಮನಿಯವರು ಬಂದಿದ್ರು ತಂಗೆವ್ವ."

ನನ್ನ ಕೈ ಕಾರಿನ ಬಾಗಿಲ ಹಿಡಿಯ ಮೇಲೆ ಹೋಯಿತು. ಅದು ಅವರಿಗೆ ತಿಳಿಯಿತು. ನನ್ನ ಕೆನ್ನೆ ತಟ್ಟಿದರು.

"ಅಂಜಬ್ಯಾಡ. ಏನೂ ಮಾತಾಡಲಿಲ್ಲ. ಬಾಲ್ಕನ್ಯಾಗ ನಿನ್ನ ಕುರ್ಚಿ ಮ್ಯಾಲ ಸುಮ್ಮನ ಕುಂತಿದ್ರು. ಕನಸು ಅಂತ ನನಗ ಗೊತ್ತಿತ್ತು. ಅದಕ್ಕ ಲಗೂನ ಏಳಲಿಲ್ಲ."

ಕಾರು ಹೊರಟಿತು. ಗೇಟಿನಾಚೆಯ ಮಂಜಿನಲ್ಲಿ ತಿರುವು ತೆಗೆದುಕೊಳ್ಳುವ ತನಕ ಅವರು ತಿರುಗಿ ನನ್ನನ್ನೇ ನೋಡುತ್ತಿದ್ದರು.